ಮೇ 8, 1977: ಗ್ರೇಟ್‌ಫುಲ್ ಡೆಡ್ ಕಛೇರಿಗಳನ್ನು ಹೋಲಿಸಿ ಕೇಳುವ ಬಗೆ

(ಸಂಗೀತಾಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಅಂದು ಕೇಳಿಸಿದ ಧ್ವನಿಮುದ್ರಣದ ತುಣುಕುಗಳ ಜಾಗದಲ್ಲಿ ಇಲ್ಲಿ ಅವುಗಳ ವಿವರಣೆಯನ್ನು ಕೊಟ್ಟಿದ್ದೇನೆ.)

ಅಮೆರಿಕದ ರಾಕ್ ಸಂಗೀತದ ಕೇಳುಗರಲ್ಲಿ ಒಂದು ವರ್ಗದವರು ತಾರೀಕುಗಳಲ್ಲೇ ಮಾತನಾಡಿಕೊಳ್ಳುತ್ತಾರೆ. ಅವರಲ್ಲೊಬ್ಬರು ‘ಮೇ 8, 1977’ ಎಂದರೆ ಸಾಕು, ಅದು ಯಾವ ಊರು, ಯಾವ ಸಭಾಂಗಣ, ಎರಡನೆಯ ಸೆಟ್ಟಿನಲ್ಲಿ, ಅಂದರೆ ವಿರಾಮದ ನಂತರದ ಭಾಗದಲ್ಲಿ, ಯಾವ ಹಾಡಿನಿಂದ ಯಾವ ಹಾಡಿಗೆ ತಂಡ ನಿಲ್ಲದೆ ಸಾಗಿತು ಎಂಬುದೆಲ್ಲ ಕೇಳಿಸಿಕೊಂಡವರಿಗೆ ತಿಳಿದುಹೋಗುತ್ತದೆ. ‘ಆಗಸ್ಟ್ 27, 1972’ ಎಂದರೆ ಆರಿಗನ್ ರಾಜ್ಯದ ವೆನೀಟಾದಲ್ಲಿ ಸುಡುಬಿಸಿಲಿನ ನಡುವೆ ನಡೆದ ಬಯಲು ಕಛೇರಿ. ಇವರು ಗ್ರೇಟ್‌ಫುಲ್ ಡೆಡ್ ತಂಡದ ಅಭಿಮಾನಿಗಳು, ಡೆಡ್‌ಹೆಡ್‌ಗಳೆಂದು ಹೆಸರಾದವರು. ಒಂದೇ ಹಾಡಿನ ಹತ್ತಾರು, ಕೆಲವೊಮ್ಮೆ ನೂರಾರು ಧ್ವನಿಮುದ್ರಣಗಳನ್ನು ಮುಂದಿಟ್ಟುಕೊಂಡು, ಯಾವ ರಾತ್ರಿ ಏನಾಯಿತು ಎಂದು ತೂಗಿ ನೋಡುವ ಅವರ ಅಭ್ಯಾಸವನ್ನು ಹೊರಗಿನವರು ಗೀಳೆಂದು ಕರೆಯುವುದುಂಟು. ಸಂಗೀತವನ್ನು ಹೇಗೆ ಕೇಳಬೇಕು ಎಂಬ ಬಗ್ಗೆ ಇಷ್ಟು ಶಿಸ್ತಿನಿಂದ ಯೋಚಿಸಿದ ಸಾಮಾನ್ಯ ಕೇಳುಗರ ಸಮುದಾಯ ಕಳೆದ ಶತಮಾನದಲ್ಲಿ ಬಹಳ ವಿರಳ ಎಂಬುದು ನನ್ನ ನಂಬಿಕೆ. ಈ ಮಾತಿಗೆ ಆಧಾರ ಏನೆಂಬುದನ್ನು ವಿವರಿಸುವುದೇ ಇಂದಿನ ನನ್ನ ಕೆಲಸ.

ತಂಡದ ಬಗ್ಗೆ ಮೊದಲು ಒಂದೆರಡು ಮಾತು. 1965ರಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಹುಟ್ಟಿಕೊಂಡ ಈ ತಂಡದಲ್ಲಿ ಗಿಟಾರಿಗೆ ಜೆರಿ ಗಾರ್ಸಿಯಾ ಮತ್ತು ಬಾಬ್ ವೇರ್, ಬೇಸ್ ಗಿಟಾರಿಗೆ ಫಿಲ್ ಲೆಶ್, ಡ್ರಮ್ಸ್‌ಗೆ ಬಿಲ್ ಕ್ರೊಯ್ಟ್ಸ್‌ಮನ್, ಕೀಬೋರ್ಡ್ ಮತ್ತು ಹಾಡುಗಾರಿಕೆಗೆ ರಾನ್ ಮೆಕರ್ನನ್ ಇದ್ದರು. 1967ರಲ್ಲಿ ಮಿಕಿ ಹಾರ್ಟ್ ಎರಡನೆಯ ಡ್ರಮ್ಸ್ ವಾದಕರಾಗಿ ಸೇರಿಕೊಂಡರು. 1995ರ ಆಗಸ್ಟ್‌ನಲ್ಲಿ ಗಾರ್ಸಿಯಾ ತೀರಿಕೊಳ್ಳುವವರೆಗಿನ ಮೂವತ್ತು ವರ್ಷಗಳಲ್ಲಿ ತಂಡ ಸುಮಾರು 2,300 ಕಾರ್ಯಕ್ರಮಗಳನ್ನು ಕೊಟ್ಟಿತು. ಇಂದು ನಿನ್ನೆಯ ಪಟ್ಟಿಯನ್ನೇ ಮತ್ತೆ ನುಡಿಸುವ ಪದ್ಧತಿ ಅವರಲ್ಲಿರಲಿಲ್ಲ. ಹಾಡುಗಳೂ ಗಟ್ಟಿಯಾಗಿ ಕಟ್ಟಿಟ್ಟ ವಸ್ತುಗಳಾಗಿರಲಿಲ್ಲ. ‘ಪ್ಲೇಯಿಂಗ್ ಇನ್ ದ ಬ್ಯಾಂಡ್’ ಎಂಬ ಹಾಡು 1971ರಲ್ಲಿ ಐದು ನಿಮಿಷಗಳ ಆಸುಪಾಸಿನದಾಗಿತ್ತು; ಮರುವರ್ಷ ಅದು ಕಾಲು ಗಂಟೆಯನ್ನು ದಾಟಿತು; 1974ರ ಮೇ 21ರಂದು ಸಿಯಾಟಲ್‌ನಲ್ಲಿ ಅದೇ ಹಾಡು ನಲವತ್ತಾರು ನಿಮಿಷ ಹರಿಯಿತು. ಖಯಾಲ್ ಕೇಳಿ ಬೆಳೆದ ನಮ್ಮ ಧಾರವಾಡ ಸೀಮೆಯ ರಸಿಕರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಬಂದಿಶ್ ಅದೇ ಇದ್ದರೂ ಮಲ್ಲಿಕಾರ್ಜುನ ಮನ್ಸೂರರು ಒಂದು ದಿನ ಹಾಡಿದ ರಾಗ ಇನ್ನೊಂದು ದಿನ ಹಾಡಿದ್ದರ ನಕಲಾಗುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ರಾಕ್ ಸಂಗೀತದ ಮಾರುಕಟ್ಟೆ ನಿಂತಿದ್ದದ್ದು ಸ್ಟುಡಿಯೋದಲ್ಲಿ ಮುದ್ರಿಸಿದ ರೂಪವೇ ಮೂಲ, ವೇದಿಕೆಯ ಮೇಲಿನದು ಅದರ ಪ್ರತಿ ಎಂಬ ಎಣಿಕೆಯ ಮೇಲೆ. ಡೆಡ್‌ಹೆಡ್‌ಗಳು ಆ ಎಣಿಕೆಯನ್ನು ಒಪ್ಪಲಿಲ್ಲ. ಅವರ ಪಾಲಿಗೆ ಮೂಲವೆಂಬುದು ಯಾವುದೋ ಒಂದು ಮುದ್ರಿಕೆಯಲ್ಲಿ ಇರಲೇ ಇಲ್ಲ. ಅದು ಎಲ್ಲ ರಾತ್ರಿಗಳ ಉದ್ದಕ್ಕೂ ಹರಡಿಕೊಂಡಿತ್ತು.

ಹೀಗೆ ನಂಬುವವರು ಆ ರಾತ್ರಿಗಳನ್ನು ಹಿಡಿದಿಟ್ಟುಕೊಳ್ಳದೆ ಇರಲಾರರು. ತಂಡದ ಧ್ವನಿ ತಂತ್ರಜ್ಞ ಔಸ್ಲಿ ಸ್ಟ್ಯಾನ್ಲಿ 1960ರ ದಶಕದಿಂದಲೇ ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುತ್ತಿದ್ದ. ತನ್ನ ಕೆಲಸ ಹೇಗಾಯಿತೆಂದು ಆಮೇಲೆ ಕೇಳಿ ತಿದ್ದಿಕೊಳ್ಳುವುದು ಅವನ ಉದ್ದೇಶವಾಗಿತ್ತು. ಇತ್ತ ಸಭಿಕರ ನಡುವೆ ಕೋಟಿನೊಳಗೆ, ಚೀಲದೊಳಗೆ ಟೇಪ್ ರೆಕಾರ್ಡರ್ ಬಚ್ಚಿಟ್ಟುಕೊಂಡು ಬರುವವರು ಹುಟ್ಟಿಕೊಂಡರು. ಬೇರೆ ತಂಡಗಳ ಕಾವಲುಗಾರರು ಅಂಥವರನ್ನು ಹೊರಗೆ ಹಾಕುತ್ತಿದ್ದ ಕಾಲ ಅದು. ಇಲ್ಲಿಯೂ ಆರಂಭದಲ್ಲಿ ತಡೆ ಇತ್ತು, ಆದರೆ ಬರುಬರುತ್ತ ಸಡಿಲವಾಯಿತು. ನಾವು ನುಡಿಸಿ ಮುಗಿಸಿದ ಮೇಲೆ ಅದು ಅವರದು ಎಂಬರ್ಥದ ಮಾತನ್ನು ಗಾರ್ಸಿಯಾ ಆಡಿದ್ದರು. ಮಾರಾಟ ಮಾತ್ರ ಕೂಡದು ಎಂಬ ಕಟ್ಟಳೆಯನ್ನು ಅಭಿಮಾನಿಗಳೇ ಕಟ್ಟುನಿಟ್ಟಾಗಿ ಕಾಯ್ದುಕೊಂಡರು. ಹೊಸಬರೊಬ್ಬರು ಖಾಲಿ ಕ್ಯಾಸೆಟ್‌ಗಳನ್ನೂ ಮರಳಿ ಕಳಿಸಲು ಬೇಕಾದ ಅಂಚೆ ಚೀಟಿಗಳನ್ನೂ ಕಳಿಸಿದರೆ ಹಳಬರು ಪ್ರತಿ ಮಾಡಿ ಕೊಡುತ್ತಿದ್ದರು. ಹಣ ಕೈ ಬದಲಾಗುತ್ತಿರಲಿಲ್ಲ.

1984ರ ಅಕ್ಟೋಬರ್‌ನಲ್ಲಿ ಬರ್ಕ್ಲಿಯ ಕಮ್ಯುನಿಟಿ ಥಿಯೇಟರ್‌ನಲ್ಲಿ ಮುದ್ರಿಸುವವರಿಗಾಗಿ ಬೇರೆಯ ಟಿಕೆಟ್, ಬೇರೆಯ ಜಾಗ ಗೊತ್ತಾಯಿತು. ಮೈಕ್ರೋಫೋನ್ ಕಂಬಗಳ ಕಾಡು ಬೆಳೆದು ಇತರ ಪ್ರೇಕ್ಷಕರಿಗೂ ಧ್ವನಿ ತಂತ್ರಜ್ಞರಿಗೂ ವೇದಿಕೆ ಕಾಣದಂತಾಗಿದ್ದದ್ದು ಇದಕ್ಕೆ ಕಾರಣ. ಆ ಜಾಗ ಸೌಂಡ್‌ಬೋರ್ಡಿನ, ಅಂದರೆ ಧ್ವನಿ ತಂತ್ರಜ್ಞರು ಎಲ್ಲ ಮೈಕ್‌ಗಳ ಸದ್ದನ್ನು ಬೆರೆಸಿ ಹೊಂದಿಸುವ ಫಲಕದ, ಹಿಂದಿತ್ತು. ಅನುಮತಿ ಸಿಕ್ಕಿತು, ಆದರೆ ಸದ್ದು ದೂರವಾಯಿತು. ಹಾಗಾಗಿ ಕೆಲವರು ಟಿಕೆಟ್ ಇದ್ದೂ ಕದ್ದುಮುಚ್ಚಿ ಮುಂದಕ್ಕೆ ಹೋಗಿ ಮುದ್ರಿಸುತ್ತಿದ್ದರು, ಮತ್ತು ಅಂಥ ಟೇಪ್‌ಗಳ ಮೇಲೆ ಬೋರ್ಡಿನ ಮುಂದೆ ಮುದ್ರಿಸಿದ್ದು ಎಂದು ಹೆಮ್ಮೆಯಿಂದ ಗುರುತು ಹಾಕುತ್ತಿದ್ದರು. ಇಂದಿಗೂ ಆ ಗುರುತು ಕಂಡರೆ ಸಂಗ್ರಹಕಾರರ ಕಿವಿ ನಿಮಿರುತ್ತದೆ.

ಈಗ ಹೋಲಿಕೆಯ ವಿಷಯಕ್ಕೆ ಬರುತ್ತೇನೆ. ಒಂದು ರಾತ್ರಿಯ ಎರಡು ಧ್ವನಿಮುದ್ರಣಗಳನ್ನು ಎದುರುಬದುರಿಗೆ ಇಟ್ಟಾಗ ನಮ್ಮ ಕಿವಿಗೆ ಬೀಳುವ ವ್ಯತ್ಯಾಸದಲ್ಲಿ ಸಂಗೀತಗಾರರ ಪಾಲೆಷ್ಟು, ಯಂತ್ರದ ಪಾಲೆಷ್ಟು? ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಕಲಿತದ್ದೇ ಈ ಅಭಿಮಾನಿಗಳ ದೊಡ್ಡ ಸಾಧನೆ ಎನ್ನುತ್ತೇನೆ, ಏಕೆಂದರೆ ಉಳಿದ ಬಹುತೇಕ ಕೇಳುಗರು, ವಿಮರ್ಶಕರೂ ಸೇರಿ, ಈ ಎರಡನ್ನೂ ಬೇರ್ಪಡಿಸದೆಯೇ ತೀರ್ಪು ಕೊಟ್ಟುಬಿಡುತ್ತಾರೆ.

ಸೌಂಡ್‌ಬೋರ್ಡಿನಿಂದ ನೇರವಾಗಿ ತೆಗೆದ ಟೇಪೇ ಎಲ್ಲಕ್ಕಿಂತ ಶ್ರೇಷ್ಠ ಎಂಬ ಭಾವನೆ ಸಾಮಾನ್ಯವಾಗಿದೆ. ಅದರಲ್ಲಿ ಸಿಳ್ಳೆ, ಚಪ್ಪಾಳೆ, ಪಕ್ಕದವರ ಮಾತು ಇರುವುದಿಲ್ಲ ಎಂಬುದು ನಿಜ. ಆದರೆ ಸಭಾಂಗಣದ ಸೌಂಡ್‌ಬೋರ್ಡ್ ಇರುವುದು ಸಭಾಂಗಣದ ಅಗತ್ಯಕ್ಕಾಗಿ. ಚಿಕ್ಕ ಸಭಾಂಗಣದಲ್ಲಿ ಡ್ರಮ್ಸ್ ಮತ್ತು ಗಿಟಾರ್‌ಗಳ ಸದ್ದು ವೇದಿಕೆಯಿಂದಲೇ ಜೋರಾಗಿ ಬರುತ್ತದೆ. ಅವನ್ನು ಧ್ವನಿವರ್ಧಕದಲ್ಲಿ ಹೆಚ್ಚಿಸಬೇಕಾಗಿಲ್ಲ, ಗಾಯಕರ ದನಿಯನ್ನು ಮಾತ್ರ ಹೆಚ್ಚಿಸಬೇಕು. ಬೋರ್ಡಿನಿಂದ ತೆಗೆದ ಟೇಪಿನಲ್ಲಿ ಆಗ ದನಿ ಮುಂದೆ ಬಂದು, ಗಿಟಾರ್ ಪಕ್ಕದ ಕೋಣೆಯಲ್ಲಿ ನುಡಿದಂತೆ ಕೇಳಿಸುತ್ತದೆ. ಅದನ್ನೇ ನಂಬಿದ ಕೇಳುಗ ಆ ರಾತ್ರಿ ಗಾರ್ಸಿಯಾ ಅಳುಕಿ ನುಡಿಸಿದರೆಂದು ಬರೆದುಕೊಂಡರೆ ಅದು ತಪ್ಪು ತೀರ್ಪು.

1974ರ ಟೇಪ್‌ಗಳು ಇದಕ್ಕಿಂತ ವಿಚಿತ್ರ. ಆ ವರ್ಷ ತಂಡ ‘ವಾಲ್ ಆಫ್ ಸೌಂಡ್’ ಎಂಬ ಹೆಸರಿನ, ಸುಮಾರು 600 ಸ್ಪೀಕರ್‌ಗಳ, 75 ಟನ್ ತೂಕದ ಧ್ವನಿ ವ್ಯವಸ್ಥೆಯನ್ನು ಊರಿಂದೂರಿಗೆ ಹೊತ್ತುಕೊಂಡು ಹೋಯಿತು. ಸ್ಪೀಕರ್‌ಗಳೆಲ್ಲ ವಾದಕರ ಬೆನ್ನ ಹಿಂದೆ ಗೋಡೆಯಂತೆ ನಿಂತಿದ್ದವು. ಹಿಂದಿನಿಂದ ಬರುವ ಸದ್ದು ಮತ್ತೆ ಮೈಕಿಗೆ ನುಗ್ಗಿ ಕೂಗಬಾರದೆಂದು ಪ್ರತಿ ಗಾಯಕರಿಗೂ ಜೋಡಿ ಮೈಕ್ ಇಟ್ಟು, ಅವುಗಳ ತಂತಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಎರಡಕ್ಕೂ ಸಮನಾಗಿ ಬೀಳುವ ಸದ್ದು ಪರಸ್ಪರ ರದ್ದಾಗುವಂತೆ ಮಾಡಿದ್ದರು. ಉಪಾಯ ಫಲಿಸಿತು, ಆದರೆ ದನಿಯ ಮೈ ಸೊರಗಿತು. ಆ ವರ್ಷದ ಹಾಡುಗಾರಿಕೆ ತೆಳುವಾಗಿ ಕೇಳಿಸುವುದಕ್ಕೆ ಗಂಟಲು ಕಾರಣವಲ್ಲ, ಮೈಕಿನ ಜೋಡಣೆ ಕಾರಣ ಎಂಬುದನ್ನು ಬಲ್ಲವರು ವಾದನದ ಕಡೆಗೆ ಕಿವಿ ತಿರುಗಿಸುತ್ತಾರೆ, ಮತ್ತು ಅಲ್ಲಿ ಅವರಿಗೆ ಆ ತಂಡದ ಅತ್ಯಂತ ದಿಟ್ಟ ಮನೋಧರ್ಮ ಸಿಗುತ್ತದೆ.

ಇನ್ನು ಪ್ರತಿಗಳ ತಲೆಮಾರಿನ ವಿಷಯ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿ ಮಾಡಿದಾಗಲೆಲ್ಲ ಸುಯ್ಯೆನ್ನುವ ಸದ್ದು ಒಂದು ಪದರ ಹೆಚ್ಚಾಗುತ್ತದೆ, ಮೇಲಿನ ಸ್ವರಗಳ ಹೊಳಪು ಒಂದು ಪದರ ಕಡಿಮೆಯಾಗುತ್ತದೆ. ಬ್ಯಾಟರಿ ಇಳಿದ ಯಂತ್ರದಲ್ಲಿ ನಿಧಾನವಾಗಿ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ, ಲಯವೂ ಚುರುಕಾಗುತ್ತದೆ. ಅದನ್ನು ಕೇಳಿದವರು ಆ ರಾತ್ರಿ ತಂಡ ಉತ್ಸಾಹದಲ್ಲಿತ್ತು ಎಂದುಕೊಂಡರೆ ಆಶ್ಚರ್ಯವಿಲ್ಲ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿ ನಲವತ್ತೈದು ನಿಮಿಷಕ್ಕೆ ಮುಗಿಯುವುದರಿಂದ, ಎಷ್ಟೋ ಶ್ರೇಷ್ಠ ವಾದನಗಳು ಮಗುಚಿ ಹಾಕುವ ಹೊತ್ತಿನಲ್ಲಿ ತುಂಡಾಗಿವೆ. ಅಭಿಮಾನಿಗಳು ಶ್ರುತಿ ತಾಳೆ ನೋಡಿ ವೇಗ ತಿದ್ದಿದರು, ಒಂದು ಟೇಪಿನಲ್ಲಿ ತುಂಡಾದ ಭಾಗವನ್ನು ಇನ್ನೊಬ್ಬರ ಟೇಪಿನಿಂದ ಹೆಣೆದರು, ತಪ್ಪು ತಾರೀಕು ಬರೆದ ಟೇಪ್‌ಗಳನ್ನು ಹಾಡುಗಳ ಅನುಕ್ರಮ ಹಿಡಿದು ಸರಿಯಾದ ರಾತ್ರಿಗೆ ಸೇರಿಸಿದರು. ಹಳೆಯ ಕಾವ್ಯದ ಹಸ್ತಪ್ರತಿಗಳನ್ನು ಎದುರಿಟ್ಟುಕೊಂಡು ಪಾಠಾಂತರ ನೋಡುವ ಸಂಪಾದಕರ ಕೆಲಸಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಇಷ್ಟು ಹಿನ್ನೆಲೆಯೊಂದಿಗೆ ಮೇ 8, 1977ಕ್ಕೆ ಬರೋಣ. ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಮೇ ತಿಂಗಳಾದರೂ ಆ ರಾತ್ರಿ ಹಿಮ ಬಿತ್ತು. ಈ ಕಛೇರಿಯನ್ನು ತಂಡದ ಅತ್ಯುತ್ತಮ ಕಛೇರಿ ಎಂದು ಹೇಳುವವರು ಅಸಂಖ್ಯ. ಲೈಬ್ರರಿ ಆಫ್ ಕಾಂಗ್ರೆಸ್ ತನ್ನ 2011ರ ಸಾಲಿನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಇದನ್ನು ಆರಿಸಿಕೊಂಡಿತು. ಆಗಿನ್ನೂ ಅದು ಅಧಿಕೃತವಾಗಿ ಬಿಡುಗಡೆಯೇ ಆಗಿರಲಿಲ್ಲ. ಬಿಡುಗಡೆಯಾದದ್ದು ನಲವತ್ತು ವರ್ಷ ತುಂಬಿದ 2017ರಲ್ಲಿ. ಅಷ್ಟು ಕಾಲ ಅದರ ಖ್ಯಾತಿಯನ್ನು ಹೊತ್ತವರು ಕೈಯಿಂದ ಕೈಗೆ ಪ್ರತಿ ದಾಟಿಸಿದ ಕೇಳುಗರು.

ಆ ರಾತ್ರಿಯ ಸಂಗೀತ ನಿಜಕ್ಕೂ ದೊಡ್ಡದು. ಎರಡನೆಯ ಸೆಟ್ಟು ‘ಸ್ಕಾರ್ಲೆಟ್ ಬಿಗೋನಿಯಾಸ್’ನಿಂದ ಆರಂಭವಾಗಿ ನಿಲ್ಲದೆ ‘ಫೈರ್ ಆನ್ ದ ಮೌಂಟನ್’ಗೆ ಸಾಗುತ್ತದೆ; ಎರಡೂ ಸೇರಿ ಇಪ್ಪತ್ತೈದು ನಿಮಿಷ ಮೀರುತ್ತವೆ. ಎರಡನೆಯ ಹಾಡು ತಂಡದ ಕೈಗೆ ಬಂದು ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ. ಅದೇ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್‌ನಲ್ಲಿ ಮೊದಲ ಬಾರಿಗೆ ನುಡಿಸಿದ್ದರು. ಇಲ್ಲೊಂದು ಭಾರತದ ನಂಟನ್ನು ಹೇಳದೆ ಮುಂದೆ ಹೋಗಲಾರೆ. ಮಿಕಿ ಹಾರ್ಟ್ ಉಸ್ತಾದ್ ಅಲ್ಲಾ ರಖಾ ಅವರಲ್ಲಿ ತಾಳದ ಪಾಠ ಕಲಿತವರು. ಕ್ಯಾಲಿಫೋರ್ನಿಯದ ಅಲಿ ಅಕ್ಬರ್ ಸಂಗೀತ ಕಾಲೇಜಿನ ತಾಳವಾದ್ಯದ ವಿದ್ಯಾರ್ಥಿಗಳ ಗುಂಪಿನಿಂದ ಬೆಳೆದ, ಜಾಕಿರ್ ಹುಸೇನ್ ಮತ್ತು ಹಾರ್ಟ್ ಜೊತೆಯಾಗಿ ನುಡಿಸಿದ ‘ಡಿಗಾ ರಿದಮ್ ಬ್ಯಾಂಡ್’ 1976ರಲ್ಲಿ ಒಂದು ಮುದ್ರಿಕೆ ತಂದಿತು. ಅದರಲ್ಲಿದ್ದ ಒಂದು ರಚನೆಯೇ ಮುಂದೆ ರಾಬರ್ಟ್ ಹಂಟರ್ ಅವರ ಸಾಹಿತ್ಯ ಪಡೆದು ‘ಫೈರ್ ಆನ್ ದ ಮೌಂಟನ್’ ಆಯಿತು. ಎರಡೇ ಸ್ವರಮೇಳಗಳ ಮೇಲೆ ತೂಗುತ್ತ, ಆವರ್ತದಿಂದ ಆವರ್ತಕ್ಕೆ ಗಾರ್ಸಿಯಾ ಕಟ್ಟುತ್ತ ಹೋಗುವ ಆ ವಾದನದ ಬೇರು ತಬಲಾದ ಕೋಣೆಯಲ್ಲಿತ್ತು ಎಂದು ತಿಳಿದ ಮೇಲೆ ನಾನು ಅದನ್ನು ಬೇರೆ ರೀತಿಯಲ್ಲಿ ಕೇಳತೊಡಗಿದೆ. ಸೆಟ್ಟಿನ ಕೊನೆಯ ಭಾಗದಲ್ಲಿ ಬರುವ ‘ಮಾರ್ನಿಂಗ್ ಡ್ಯೂ’ ಬಗ್ಗೆ ಅಭಿಮಾನಿಗಳು ಆಡುವ ಮೆಚ್ಚಿನ ಮಾತುಗಳಲ್ಲಿ ಯಾವುದೂ ಅತಿಯಲ್ಲ.

ಹಾಗಿದ್ದರೂ, ಅದು ‘ಅತ್ಯುತ್ತಮ’ವೇ? ಆ ಕಛೇರಿಯನ್ನು ಮುದ್ರಿಸಿದವರು ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್. ಅವರು ಸಭಾಂಗಣಕ್ಕೆ ಹೋಗುವ ಮಿಶ್ರಣವನ್ನು ನೆಚ್ಚಿಕೊಳ್ಳದೆ ಮುದ್ರಣಕ್ಕೆಂದೇ ಬೇರೆ ಮಿಶ್ರಣ ಮಾಡುತ್ತಿದ್ದರು. ನಾನು ಮೊದಲು ಹೇಳಿದ ದೋಷಗಳು ಅವರ ಟೇಪ್‌ಗಳಲ್ಲಿ ಇಲ್ಲದಿರುವುದಕ್ಕೆ ಇದೇ ಕಾರಣ: ಲೆಶ್ ಅವರ ಬೇಸ್ ದುಂಡಾಗಿ, ಎರಡು ಡ್ರಮ್ಸ್‌ಗಳು ಬಿಡಿಬಿಡಿಯಾಗಿ, ದನಿಗಳು ತಮ್ಮ ತಮ್ಮ ಜಾಗದಲ್ಲಿ ಕೇಳಿಸುತ್ತವೆ. ಆಮೇಲೆ ಆ ಟೇಪ್‌ಗಳಿಗೆ ಬಂದ ಗತಿ ನೋಡಿ. ಬೆಟ್ಟಿ ಅವರಿಗೆ ಕಷ್ಟಕಾಲ ಬಂದು, ಸಾಮಾನು ಇಟ್ಟಿದ್ದ ಗೋದಾಮಿನ ಬಾಡಿಗೆ ಕಟ್ಟಲಾಗದೆ, 1986ರಲ್ಲಿ ನೂರಾರು ರೀಲ್‌ಗಳು ಹರಾಜಾಗಿ ಹೋದವು. ಅವುಗಳಲ್ಲಿ ಕೆಲವು ಬಲ್ಲವರ ಕೈ ಸೇರಿ, ಉತ್ತಮ ಪ್ರತಿಗಳಾಗಿ 1980ರ ದಶಕದ ಕೊನೆಯ ಹೊತ್ತಿಗೆ ದೇಶದ ತುಂಬ ಹರಡಿದವು. ತಂಡ ಜನಪ್ರಿಯತೆಯ ತುದಿಯಲ್ಲಿದ್ದ, ಸಾವಿರಾರು ಹೊಸ ಕೇಳುಗರು ಮೊದಲ ಟೇಪಿಗಾಗಿ ಹುಡುಕುತ್ತಿದ್ದ ಕಾಲ ಅದು. ಅವರಲ್ಲಿ ಅನೇಕರ ಕೈಗೆ ಮೊದಲು ಬಂದದ್ದು ಕಾರ್ನೆಲ್.

ಆ ಕಛೇರಿಯ ಕೀರ್ತಿಯಲ್ಲಿ ಬೆಟ್ಟಿ ಅವರ ಕಿವಿಗೂ, ಆ ಹರಾಜಿಗೂ, ಪ್ರತಿ ಮಾಡಿದ ಕೈಗಳಿಗೂ ಪಾಲಿದೆ. ಇದನ್ನು ಒಪ್ಪಿದರೆ ಸಂಗೀತದ ಬೆಲೆ ಇಳಿಯುತ್ತದೆ ಎಂದು ಕೆಲವರು ನೊಂದುಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮರುದಿನ, ಮೇ 9ರಂದು, ಬಫಲೋದಲ್ಲಿ ನುಡಿಸಿದ್ದು ಇದಕ್ಕಿಂತ ಒಂದು ಕೈ ಮೇಲು ಎನ್ನುವ ಅನುಭವಿಗಳಿದ್ದಾರೆ. ಆ ಕಾರ್ಯಕ್ರಮ ‘ಹೆಲ್ಪ್ ಆನ್ ದ ವೇ’, ‘ಸ್ಲಿಪ್‌ನಾಟ್’, ‘ಫ್ರ್ಯಾಂಕ್ಲಿನ್ಸ್ ಟವರ್’ ಸರಣಿಯಿಂದ ಆರಂಭವಾಗುವಾಗ ಇರುವ ಬಿಗಿಯನ್ನು ಕೇಳಿದರೆ ಅವರ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತದೆ. ಆ ವಸಂತದಲ್ಲಿ ತಂಡ ಪ್ರತಿ ರಾತ್ರಿಯೂ ಹೀಗೆಯೇ ಬಿಗಿಯಾಗಿತ್ತು. ವರ್ಷದ ಆರಂಭದಲ್ಲಿ ನಿರ್ಮಾಪಕ ಕೀತ್ ಓಲ್ಸನ್ ಅವರೊಡನೆ ಸ್ಟುಡಿಯೋದಲ್ಲಿ ಪಟ್ಟ ಕಠಿಣ ತಾಲೀಮಿನ ಫಲ ಅದು ಎಂದು ಹೇಳುವವರ ಮಾತನ್ನು ನಾನು ಒಪ್ಪುತ್ತೇನೆ. ಕಾರ್ನೆಲ್ ಒಂಟಿ ಶಿಖರವಲ್ಲ, ಎತ್ತರದ ಒಂದು ಪ್ರಸ್ಥಭೂಮಿಯ ಭಾಗ ಎಂಬುದು ಹೋಲಿಸಿ ಕೇಳಿದವರಿಗೆ ಮಾತ್ರ ತಿಳಿಯುವ ವಿಷಯ.

ಸಭಿಕರ ನಡುವೆ ಕುಳಿತು ಮುದ್ರಿಸಿದ ಟೇಪ್‌ಗಳ ಪರವಾಗಿ ಈಗ ಒಂದು ಮಾತು ಆಡಬೇಕು, ಏಕೆಂದರೆ ಅವುಗಳಿಗೆ ಸಲ್ಲಬೇಕಾದ ಮನ್ನಣೆ ಸಿಕ್ಕಿಲ್ಲ. 1970ರ ನಡುವಿನಲ್ಲಿ ಔಸ್ಲಿ ಜೈಲಿಗೆ ಹೋದ ಮೇಲೆ ಕೆಲಕಾಲ ತಂಡದ ಸ್ವಂತ ಮುದ್ರಣಗಳು ಬಹಳ ವಿರಳವಾದವು. ಆ ವರ್ಷದ ಉತ್ತರಾರ್ಧದ ಸಂಗೀತ ಇಂದು ಉಳಿದಿದ್ದರೆ ಅದು ಬಹುಮಟ್ಟಿಗೆ ಕದ್ದು ಯಂತ್ರ ಒಯ್ದವರ ಪುಣ್ಯ. ಇನ್ನೊಂದು ಉದಾಹರಣೆ 1989ರ ಅಕ್ಟೋಬರ್ 9, ವರ್ಜೀನಿಯದ ಹ್ಯಾಂಪ್ಟನ್. ಜನಸಂದಣಿ ತಡೆಯಲು ತಂಡ ತನ್ನ ಹೆಸರನ್ನೇ ಮರೆಮಾಡಿ, ‘ಹಿಂದೆ ವಾರ್‌ಲಾಕ್ಸ್ ಆಗಿದ್ದವರು’ ಎಂಬ ಹೆಸರಿನಲ್ಲಿ ಆ ಎರಡು ದಿನಗಳ ಕಾರ್ಯಕ್ರಮ ಇಟ್ಟಿತ್ತು. ಐದು ವರ್ಷಗಳಿಂದ ಯಾವ ವೇದಿಕೆಯಲ್ಲೂ ನುಡಿಸದಿದ್ದ ‘ಡಾರ್ಕ್ ಸ್ಟಾರ್’ ಹಾಡಿನ ಮೊದಲ ಸ್ವರಗಳು ಆ ರಾತ್ರಿ ಬಂದವು. ಬೋರ್ಡಿನ ಟೇಪಿನಲ್ಲಿ ಆ ಕ್ಷಣ ಸ್ವಚ್ಛವಾಗಿದೆ, ಸ್ವರಗಳು ಒಂದೊಂದೂ ತಿಳಿಯಾಗಿವೆ. ಸಭಿಕರ ಟೇಪಿನಲ್ಲಿ ಸ್ವರಗಳು ಮುಚ್ಚಿಹೋಗುವಷ್ಟು ದೊಡ್ಡ ಕೂಗೊಂದು ಎದ್ದು ನಿಲ್ಲುತ್ತದೆ. ಏನಾಯಿತೆಂದು ತಿಳಿಯಬೇಕಾದರೆ ಎರಡನೆಯದನ್ನೂ ಕೇಳಲೇಬೇಕು, ಏಕೆಂದರೆ ಅಂದು ನಡೆದದ್ದರಲ್ಲಿ ಅರ್ಧ ನಡೆದದ್ದು ವೇದಿಕೆಯ ಕೆಳಗೆ.

ಎರಡನ್ನೂ ಕೂಡಿಸುವ ಪ್ರಯತ್ನಕ್ಕೆ ಮ್ಯಾಟ್ರಿಕ್ಸ್ ಎಂದು ಹೆಸರು. ವೇದಿಕೆಯಿಂದ ಮೂವತ್ತು ಮೀಟರ್ ದೂರದ ಮೈಕಿಗೆ ಸದ್ದು ತಲುಪಲು ಸೆಕೆಂಡಿನ ಹನ್ನೊಂದನೆಯ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ, ಬೋರ್ಡಿಗೆ ತಂತಿಯ ಮೂಲಕ ಆ ಗಳಿಗೆಗೇ ತಲುಪುತ್ತದೆ. ಈ ಅಂತರವನ್ನು ಸರಿದೂಗಿಸಿ, ಎರಡು ಯಂತ್ರಗಳ ವೇಗದ ಸಣ್ಣ ವ್ಯತ್ಯಾಸವನ್ನು ಕಾರ್ಯಕ್ರಮದ ಉದ್ದಕ್ಕೂ ತಿದ್ದುತ್ತ ಹೋಗುವುದು ತಾಳ್ಮೆಯ ಕೆಲಸ. ಕೂಲಿಯಿಲ್ಲದೆ ಅದನ್ನು ಮಾಡಿದವರನ್ನು ನಾನು ಗೌರವಿಸುತ್ತೇನೆ.

‘ಡಾರ್ಕ್ ಸ್ಟಾರ್’ ಹೆಸರು ಬಂದ ಮೇಲೆ ಅದನ್ನು ಬೇಗ ಬಿಡಲಾಗದು. 1968ರ ಸಿಂಗಲ್‌ನಲ್ಲಿ ಅದು ಮೂರು ನಿಮಿಷವೂ ಇಲ್ಲ. 1969ರ ಫೆಬ್ರವರಿ 27ರಂದು ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ವೆಸ್ಟ್‌ನಲ್ಲಿ ಮುದ್ರಿಸಿ ‘ಲೈವ್/ಡೆಡ್’ ಎಂಬ ಮುದ್ರಿಕೆಗೆ ಸೇರಿಸಿದ ರೂಪ ಇಪ್ಪತ್ತಮೂರು ನಿಮಿಷ. ವೆನೀಟಾದ್ದು ಅರ್ಧ ಗಂಟೆಯ ಆಸುಪಾಸು. 1969ರಲ್ಲಿ ಇಬ್ಬರು ಡ್ರಮ್ಸ್ ವಾದಕರಿದ್ದರು. 1971ರ ಫೆಬ್ರವರಿಯಿಂದ 1974ರ ಅಕ್ಟೋಬರ್‌ವರೆಗೆ ಹಾರ್ಟ್ ಹೊರಗಿದ್ದು, ಕ್ರೊಯ್ಟ್ಸ್‌ಮನ್ ಒಬ್ಬರೇ ಲಯ ನಿರ್ವಹಿಸಿದರು. ಒಬ್ಬರೇ ಇದ್ದಾಗ ತಂಡ ಥಟ್ಟನೆ ದಿಕ್ಕು ಬದಲಿಸಬಲ್ಲದು, ಜ್ಯಾಝ್ ತಂಡದಂತೆ ಹಗುರಾಗಿ ಹಾರಬಲ್ಲದು. ಅದರ ಜೊತೆಗೆ ಕೀತ್ ಗಾಡ್‌ಶಾ ಅವರ ಪಿಯಾನೋ ಸೇರಿದಾಗ 1972ರ ‘ಡಾರ್ಕ್ ಸ್ಟಾರ್’ಗಳು ಹುಟ್ಟಿದವು. ನನ್ನ ಮಟ್ಟಿಗೆ ತಂಡದ ನಿಜವಾದ ಎತ್ತರ ಇರುವುದು ಇಲ್ಲಿ. ಅದರಲ್ಲೂ ವೆನೀಟಾದ ವಾದನದಲ್ಲಿ ಲಯ ಪೂರ್ತಿ ಕರಗಿ, ಲೆಶ್ ಒಬ್ಬರೇ ನೆಲವನ್ನು ಹಿಡಿದುಕೊಂಡಿರುವ ಹೊತ್ತಿಗೆ ಸಮನಾದದ್ದನ್ನು 1977ರ ಯಾವ ಕಛೇರಿಯಲ್ಲೂ ನಾನು ಕೇಳಿಲ್ಲ. ಕೆನಡಾದ ಸಂಯೋಜಕ ಜಾನ್ ಆಸ್ವಾಲ್ಡ್ ಈ ಹೋಲಿಕೆಯ ಅಭ್ಯಾಸವನ್ನು ಅದರ ತುದಿಗೆ ಒಯ್ದರು. ಲೆಶ್ ಅವರ ಆಹ್ವಾನದ ಮೇರೆಗೆ ತಂಡದ ಧ್ವನಿಮುದ್ರಣ ಭಂಡಾರಕ್ಕೆ ಹೋಗಿ, ‘ಡಾರ್ಕ್ ಸ್ಟಾರ್’ನ ನೂರಕ್ಕೂ ಹೆಚ್ಚು ವಾದನಗಳನ್ನು ಒಂದರ ಮೇಲೊಂದು ಹಾಸಿ, ‘ಗ್ರೇಫೋಲ್ಡೆಡ್’ ಎಂಬ ಕೃತಿ ಕಟ್ಟಿದರು. ಬೇರೆ ಬೇರೆ ವರ್ಷಗಳ ಗಾರ್ಸಿಯಾ ಅಲ್ಲಿ ತಮ್ಮೊಡನೆ ತಾವೇ ಹಾಡುತ್ತಾರೆ.

ಅಭಿಮಾನಿಗಳ ಈ ತಿಳಿವಳಿಕೆಯನ್ನು ತಂಡವೂ ಮನಗಂಡಿತು. ಟೇಪ್ ಸಂಗ್ರಾಹಕನಾಗಿದ್ದ, ಕೇಳಿದ್ದನ್ನೆಲ್ಲ ನೋಟ್‌ಬುಕ್‌ಗಳಲ್ಲಿ ಬರೆದಿಡುತ್ತಿದ್ದ ಡಿಕ್ ಲಾತ್ವಾಲ ಭಂಡಾರದ ಉಸ್ತುವಾರಿಯಾದ. 1993ರಲ್ಲಿ ಅವನ ಹೆಸರಿನಲ್ಲೇ ‘ಡಿಕ್ಸ್ ಪಿಕ್ಸ್’ ಸರಣಿ ಆರಂಭವಾಗಿ 36 ಸಂಪುಟಗಳವರೆಗೆ ಬೆಳೆಯಿತು. ಸಂಬಂಧ ಸದಾ ಸಿಹಿಯಾಗಿಯೇ ಇರಲಿಲ್ಲ. 2005ರ ನವೆಂಬರ್‌ನಲ್ಲಿ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲತಾಣ ಭಂಡಾರದಿಂದ ತಂಡದ ಧ್ವನಿಮುದ್ರಣಗಳನ್ನು ಇಳಿಸಿಕೊಳ್ಳುವುದಕ್ಕೆ ತಡೆ ಬಂದಾಗ ಕೇಳುಗರು ತೀವ್ರವಾಗಿ ಪ್ರತಿಭಟಿಸಿದರು. ಲೆಶ್ ಈ ಕೇಳುಗರ ಪರ ನಿಂತರು. ಕೊನೆಗೆ ಸಭಿಕರ ಟೇಪ್‌ಗಳನ್ನು ಇಳಿಸಿಕೊಳ್ಳಬಹುದು, ಬೋರ್ಡಿನ ಟೇಪ್‌ಗಳನ್ನು ಅಲ್ಲಿಯೇ ಕೇಳಬಹುದು ಎಂಬ ಏರ್ಪಾಡಾಯಿತು.

ಇಂಟರ್ನೆಟ್ ಆರ್ಕೈವ್‌ನ ಆ ಭಂಡಾರ ಇಂದಿಗೂ ತೆರೆದಿದೆ, ಬೆಂಗಳೂರಿನಲ್ಲಿ ಕುಳಿತವರಿಗೂ ಒಂದು ಕಾಸಿಲ್ಲದೆ ಸಿಗುತ್ತದೆ. ಹೊಸದಾಗಿ ಕೇಳುವವರು ದಯವಿಟ್ಟು ಕಾರ್ನೆಲ್ಲಿನಿಂದಲೇ ಆರಂಭಿಸಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಒಂದನ್ನೇ ಕೇಳಿ ನಿಲ್ಲಿಸಬೇಡಿ. ಅದೇ ಹಾಡುಗಳ ಜೋಡಿಯನ್ನು ಆ ವರ್ಷದ ಇನ್ನೊಂದು ರಾತ್ರಿಯಲ್ಲಿ ಕೇಳಿ, ಸ್ಕಾರ್ಲೆಟ್ ಮುಗಿದು ಫೈರ್ ಆರಂಭವಾಗುವ ಸಂಧಿಯಲ್ಲಿ ಮೊದಲು ತಿರುಗುವವರು ಯಾರು, ಲೆಶ್ ಅವರೋ ಡ್ರಮ್ಸ್‌ನವರೋ ಎಂದು ಗಮನಿಸಿ. ಆಮೇಲೆ ಹ್ಯಾಂಪ್ಟನ್ನಿನ ಎರಡೂ ಬಗೆಯ ಟೇಪ್‌ಗಳನ್ನು ಹುಡುಕಿ. ‘ದೇ ಲವ್ ಈಚ್ ಅದರ್’ ಹಾಡಿನ 1973ರ ಚುರುಕು ನಡೆಯನ್ನೂ 1977ರ ವಿಳಂಬ ನಡೆಯನ್ನೂ ಒಂದರ ಪಕ್ಕ ಒಂದಿಟ್ಟು ಕೇಳಿದರೆ, ತಂಡ ಏಕೆ ನಿಧಾನವಾಯಿತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ; ಅದಕ್ಕೆ ನಿಮ್ಮ ಉತ್ತರವನ್ನು ತಿಳಿಯಲು ನಾನು ಆಸೆಪಡುತ್ತೇನೆ.